ಗೀಟು ತಿಂದ ಗರಗಸ

ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಇಂದು, ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಹಲಸಿನ ಮರದ ಸ್ಟೂಲಿನ ಕಾಲಿಗೆ ಉಳಿಯಿಂದ ಗುಳಿ ಕೊರೆದು, ಅಡ್ಡಪಟ್ಟಿಯ ತುದಿಯಲ್ಲಿ ಅದರೊಳಗೆ ಕೂಡುವ ನಾಲಗೆಯನ್ನು ಗರಗಸದಿಂದ ಕೊಯ್ದೆ. 36 ಮಿ.ಮೀ. ದಪ್ಪದ ಮರಕ್ಕೆ ಮೂರನೆಯ ಒಂದು ಪಾಲು, ಅಂದರೆ 12 ಮಿ.ಮೀ. ಅಗಲದ ಗುಳಿ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಗರಗಸವನ್ನು, ನಾಲಗೆಯ ಅಳತೆಗೆ ಎಳೆದ ಗೀಟಿನ ಹೊರಬದಿಯಲ್ಲಿ, ಬಿಸಾಡುವ ಭಾಗದಲ್ಲಿ ನಡೆಸದೆ ಗೀಟಿನ ಮೇಲೆಯೇ ಓಡಿಸಿದ್ದರಲ್ಲಿ. ಹಾಗೆ ತೆಳುವಾದ ನಾಲಗೆ ಗುಳಿಯೊಳಗೆ ಅಲುಗುವ ಸದ್ದು ಕೇಳಿದ ಅಪ್ಪ, ಅಡಿಕೆ ಸುಲಿಯುವ ಕೈಯನ್ನು ನಿಲ್ಲಿಸದೆಯೇ, “ಗೀಟನ್ನೇ ತಿಂದೆಯಾ?” ಎಂದು ಕೇಳಿದರು. ಕೈಗರಗಸದಲ್ಲಿ ತಪ್ಪು ಇಷ್ಟು ನಿಧಾನವಾಗಿ ನಡೆದರೂ ಕಣ್ಣಿಗೆ ಬೀಳುವುದಿಲ್ಲವಲ್ಲ ಎಂಬುದೇ ನನಗೆ ಸೋಜಿಗ. ಅದೇ ಹಲಗೆಯ ತೆಳುವಾದ ಚಕ್ಕೆಯೊಂದನ್ನು ನಾಲಗೆಯ ಬದಿಗೆ ಅಂಟಿಸಿ, ಒಣಗಲು ಅಟ್ಟದ ಮೇಲಿಟ್ಟಿದ್ದೇನೆ.