ದೆವ್ವಕ್ಕೂ ಒಂದು ಅಡ್ರೆಸ್ ಬೇಕು

ಬೆಂಗಳೂರಿನ ಹೈಸ್ಕೂಲ್ ಮಕ್ಕಳಿಗೆ ದೆವ್ವದ ಕಥೆ ಬರೀರಿ ಅಂದರೆ ಮುಕ್ಕಾಲು ಪಾಲು ಮಂದಿ ಬೆಟ್ಟದ ಮೇಲಿನ ಬಂಗಲೆಗೆ ಹೋಗಿಬಿಡುತ್ತಾರೆ. ಸುತ್ತ ಪೈನ್ ಮರಗಳು. ಒಳಗೆ ಚಳಿ ಕಾಯಿಸೋಕೆ ಬೆಂಕಿಗೂಡು. ಕಿರ್ ಅನ್ನೋ ಮರದ ಮೆಟ್ಟಿಲು, ಹನ್ನೆರಡು ಹೊಡೆಯೋ ಗಡಿಯಾರ, ಕೈಯಲ್ಲಿ ಲಾಟೀನು ಹಿಡಿದ ಮುದುಕ ಕಾವಲುಗಾರ. ಕಥೆ ಬರೆದ ಮಗು ಇರೋದು ಕತ್ರಿಗುಪ್ಪೆಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಪೈನ್ ಮರ ನೋಡಿದ್ದರೆ ಊಟಿ ಟ್ರಿಪ್ಪಿನಲ್ಲಿ, ಬಸ್ಸಿನ ಕಿಟಕಿಯಿಂದ.

ಹನುಮಂತನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ರೂಮು ಅಂತ ಒಂದಿದೆ. ಶನಿವಾರ ಸಂಜೆ ಅಲ್ಲಿ ಸುತ್ತಮುತ್ತಲಿನ ಮಕ್ಕಳ ಜೊತೆ ಕೂತು ಕನ್ನಡದಲ್ಲಿ ಓದುತ್ತೇನೆ, ಬರೆಸುತ್ತೇನೆ. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು. ಏನು ಓದೋಣ ಅಂತ ಕೇಳಿದರೆ ಉತ್ತರ ಯಾವಾಗಲೂ ಒಂದೇ. "ಆಂಟಿ, ದೆವ್ವದ್ದು." ಈ ಆಸೆಯನ್ನ ನಾನು ತುಂಬಾ ಗಂಭೀರವಾಗಿ ತಗೊಳ್ಳುತ್ತೇನೆ. ಹದಿಮೂರು, ಹದಿನಾಲ್ಕು ವಯಸ್ಸಿನಲ್ಲಿ ದೊಡ್ಡವರು ನಮ್ಮ ಮಾತು ನಂಬಲ್ಲ ಅನ್ನೋದು ದಿನಾ ಗೊತ್ತಾಗುತ್ತಾ ಇರುತ್ತದೆ. ದೆವ್ವದ ಕಥೆಯಲ್ಲೂ ಅದೇ ಕಷ್ಟ. ಕಂಡಿದ್ದು ಒಬ್ಬರಿಗೆ ಮಾತ್ರ, ಉಳಿದವರೆಲ್ಲ "ಸುಮ್ನೆ ಮಲಗು" ಅನ್ನುತ್ತಾರೆ. ಮಕ್ಕಳು ಇಂಥ ಕಥೆಗೆ ಯಾಕೆ ಅಂಟಿಕೊಳ್ಳುತ್ತಾರೆ ಅಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೆ ಆ ಪೈನ್ ಮರ ಎಲ್ಲಿಂದ ಬಂತು? ರಸ್ಕಿನ್ ಬಾಂಡ್ ಕಥೆಯಿಂದ ಅಂತ ನನ್ನ ಅಂದಾಜು. ಮುಖವೇ ಇಲ್ಲದ ಹುಡುಗನ ಆ ಪುಟ್ಟ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಶಿಮ್ಲಾದ ಬಜಾರಿನಿಂದ ಕಾಡಿನ ಒಳದಾರಿ ಹಿಡಿದು ಸ್ಕೂಲಿಗೆ ವಾಪಸ್ ಬರೋ ಮೇಷ್ಟ್ರಿಗೆ ಒಬ್ಬ ಹುಡುಗ ಸಿಗುತ್ತಾನೆ. ತಲೆ ತಗ್ಗಿಸಿ ಅಳುತ್ತಿರುತ್ತಾನೆ. ಮುಖಕ್ಕೆ ಟಾರ್ಚ್ ಹಿಡಿದರೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಎರಡು ಮೂರು ಪುಟದ ಕಥೆ, ಓದಿದವರು ಮರೆಯಲ್ಲ. ಬಾಂಡ್ ಓದಿದ್ದೇ ಶಿಮ್ಲಾದ ಬೋರ್ಡಿಂಗ್ ಸ್ಕೂಲಿನಲ್ಲಿ. ಆ ಪೈನ್ ಕಾಡು ಅವರಿಗೆ ಪರಿಚಯದ ಜಾಗ. ಅವರು ಬರೆದದ್ದು ಕಾಲಿಗೆ ಅಭ್ಯಾಸವಾದ ದಾರಿ. ನಮ್ಮ ಮಕ್ಕಳು ಅವರ ಮರಗಳನ್ನ ತಂದರು, ಅವರ ಕೆಲಸವನ್ನ ಅಲ್ಲೇ ಬಿಟ್ಟುಬಂದರು. ಬಾಂಡ್ ಮಾಡಿದ್ದನ್ನೇ ಇಲ್ಲಿ ಮಾಡಬೇಕು ಅಂದರೆ ಟ್ಯೂಷನ್ನಿಂದ ಮನೆಗೆ ಬರೋ ದಾರಿ ಬರೀಬೇಕು, ಅಲ್ವಾ?

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹಾಗೆ ಬರೆದಳು. ಅವಳ ಮೊದಲ ಕಥೆಯಲ್ಲೂ ಬಂಗಲೆ ಇತ್ತು. ಓದುವಾಗ ಪಕ್ಕದವರು ಫೋನ್ ನೋಡುತ್ತಿದ್ದರು. "ನಿನಗೆ ದಿನಾ ಯಾವ ಜಾಗ ಸ್ವಲ್ಪ ಸರಿ ಅನ್ನಿಸಲ್ಲ, ಅದನ್ನ ಬರಿ" ಅಂದೆ. ಸ್ವಲ್ಪ ಯೋಚನೆ ಮಾಡಿ "ನಮ್ಮ ಲಿಫ್ಟು" ಅಂದಳು.

ಅವಳ ಎರಡನೇ ಕಥೆ ಹೀಗಿದೆ. ಹುಡುಗಿ ಟ್ಯೂಷನ್ ಮುಗಿಸಿ ಬಂದು ಲಿಫ್ಟಿನಲ್ಲಿ ನಾಲ್ಕು ಒತ್ತುತ್ತಾಳೆ. ಲಿಫ್ಟು ಒಂದರಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದರೆ ಯಾರೂ ಇಲ್ಲ. ಎದುರಿಗೆ ನೆಲದ ಮೇಲೆ ಒಂದು ಜೊತೆ ಹವಾಯಿ ಚಪ್ಪಲಿ, ಚಿಕ್ಕ ಮಗುವಿನದು, ಒದ್ದೆಯಾಗಿದೆ. ಮಾರನೇ ದಿನ ಲಿಫ್ಟು ಎರಡರಲ್ಲಿ ನಿಲ್ಲುತ್ತದೆ. ಅದೇ ಚಪ್ಪಲಿ. ಅದರ ಮಾರನೇ ದಿನ ಮೂರು. ಅಮ್ಮನಿಗೆ ಹೇಳಿದರೆ "ಯಾರದೋ ಮಗು ಬಿಟ್ಟಿರುತ್ತೆ, ಸೆಕ್ಯೂರಿಟಿ ಅಂಕಲ್‌ಗೆ ಹೇಳ್ತೀನಿ ಬಿಡು" ಅನ್ನುತ್ತಾರೆ. ನಾಲ್ಕನೇ ದಿನ ಹುಡುಗಿ ಮೆಟ್ಟಿಲು ಹತ್ತಿಕೊಂಡು ಬರುತ್ತಾಳೆ. ಮನೆ ಬಾಗಿಲು ತೆಗೆದರೆ ಅಮ್ಮ ಶೂ ಸ್ಟ್ಯಾಂಡಿನ ಮುಂದೆ ನೆಲ ಒರೆಸುತ್ತಿದ್ದಾರೆ. "ಇಲ್ಲೆಲ್ಲ ಯಾಕೆ ನೀರು ಮಾಡಿದೀಯಾ?" ಅಂತ ಬೈಯುತ್ತಾರೆ.

ಅಷ್ಟೇ. ಕಿರುಚಾಟ ಇಲ್ಲ, ರಕ್ತ ಇಲ್ಲ. ಚಪ್ಪಲಿ ಮೂರನೇ ಮಹಡಿಗೆ ಬಂದಾಗ ನನ್ನ ಎದುರಿಗಿದ್ದ ಹುಡುಗ ನೆಲದಿಂದ ಎರಡೂ ಕಾಲೆತ್ತಿ ಕುರ್ಚಿ ಮೇಲೆ ಇಟ್ಟುಕೊಂಡ. ಯಾರ ಕೈಯಲ್ಲೂ ಫೋನ್ ಇರಲಿಲ್ಲ. ನೀರು ಯಾಕೆ ಅಂತ ಆಮೇಲೆ ಕೇಳಿದೆ. ಅವರ ಬಿಲ್ಡಿಂಗ್ ಕಟ್ಟಿರೋ ಜಾಗ ಹಿಂದೆ ಕೆರೆ ಆಗಿತ್ತಂತೆ, ಅವಳ ಅಜ್ಜ ಹೇಳಿದ್ದು. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಮೋಟಾರು ರಾತ್ರಿಯೆಲ್ಲ ಓಡುತ್ತಂತೆ. ಆ ಮಾತು ಕಥೆಯಲ್ಲಿ ಒಂದು ಸಾಲೂ ಇಲ್ಲ. ಆದರೂ ಚಪ್ಪಲಿಯಲ್ಲಿ ನೀರಿದೆ.

ಇದು ನನಗೆ ತುಂಬಾ ಮುಖ್ಯ ಅನ್ನಿಸಿತು. ಈ ಊರಿನಲ್ಲಿ ದೆವ್ವಗಳಿಗೆ ಬಂಗಲೆ ಬೇಕಾಗಿಲ್ಲ, ಮುಚ್ಚಿಹಾಕಿದ ಕೆರೆಗಳಿವೆ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ. ಸಂಪಂಗಿ ಕೆರೆಯದು ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಕರಗದ ಸಮಯದಲ್ಲಿ ಪೂಜೆಗೆ ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ಕೆರೆ ಹೋಗಿ ಎಷ್ಟೋ ಕಾಲವಾಯಿತು, ಕರಗ ಮಾತ್ರ ದಾರಿ ಬದಲಾಯಿಸಿಲ್ಲ. ಕಥೆ ಬರೆಯೋ ಮಗುವಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಪ್ಲಾಟ್‌ಫಾರಂನಲ್ಲಿ ಕೊನೇ ಬಸ್ಸಿಗೆ ಕಾಯುತ್ತಾ ನಿಂತ ಹುಡುಗನಿಗೆ ಕಾಲಡಿಯಲ್ಲಿ ಯಾರೋ ಬಟ್ಟೆ ಒಗೆಯೋ ಸದ್ದು ಕೇಳಿದರೆ? ಕೆರೆ ಯಾರಿಗೂ ಕೆಟ್ಟದ್ದು ಮಾಡಿರಲಿಲ್ಲ. ನಮ್ಮ ಕಡೆಯ ಒಳ್ಳೇ ದೆವ್ವಗಳೆಲ್ಲ ಹಾಗೇ. ಅವಕ್ಕೊಂದು ದೂರು ಇರುತ್ತದೆ, ಕೇಳಿಸಿಕೊಳ್ಳೋರು ಸಿಕ್ಕಿರಲ್ಲ.

ಹೊಸ ಜಾಗದಲ್ಲಿ ದೆವ್ವ ನಿಲ್ಲಲ್ಲ ಅನ್ನೋರಿಗೆ ನಾನು 2016ರ 'ಯು ಟರ್ನ್' ಸಿನಿಮಾ ನೆನಪಿಸುತ್ತೇನೆ. ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗೋರ ಕಥೆ ಅದು. ಹಗಲು ಹೊತ್ತು, ಟ್ರಾಫಿಕ್, ಸಿಮೆಂಟು. ನಾವೆಲ್ಲ ನೋಡಿರೋ ಒಂದು ಸಣ್ಣ ತಪ್ಪಿನ ಸುತ್ತ ಅಷ್ಟು ಭಯ ಕಟ್ಟಿದ್ದಾರೆ. ಅದನ್ನ ನೋಡಿದ ಮೇಲೆ ಆ ಫ್ಲೈಓವರ್ ಹತ್ತುವಾಗ ನಾನು ಡಿವೈಡರ್ ಕಡೆ ನೋಡದೇ ಇದ್ದದ್ದೇ ಇಲ್ಲ.

ಜಾಗದ ಜೊತೆ ಇನ್ನೊಂದು ಬೇಕು. ಕಟ್ಟಳೆ. ದೆವ್ವ ಏನು ಬೇಕಾದರೂ ಮಾಡಬಹುದು ಅಂದರೆ ಭಯ ಹುಟ್ಟಲ್ಲ. ಇಷ್ಟು ಮಾಡಬಹುದು, ಇಷ್ಟು ಮಾಡೋಕಾಗಲ್ಲ ಅಂತಿದ್ದರೆ ಮಾತ್ರ ಓದೋರು ಉಸಿರು ಬಿಗಿ ಹಿಡಿಯುತ್ತಾರೆ. ಇದಕ್ಕೆ 'ನಾಳೆ ಬಾ' ಮೀರಿಸೋ ಉದಾಹರಣೆ ನನಗಂತೂ ಸಿಕ್ಕಿಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಶ್ರೀನಗರದ ಒಂದು ವಠಾರದಲ್ಲಿ ನಾವಿದ್ದೆವು. ರಾತ್ರಿ ಒಂದು ಹೆಣ್ಣು ದೆವ್ವ ಬೀದಿಯಲ್ಲಿ ಬರುತ್ತೆ, ಬಾಗಿಲು ತಟ್ಟಿ ಮನೆಯವರದೇ ಧ್ವನಿಯಲ್ಲಿ ಕೂಗುತ್ತೆ, ಓಗೊಟ್ಟರೆ ಸತ್ತರು ಅಂತ ಸುದ್ದಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಅದನ್ನ ಓದಿ ವಾಪಸ್ ಹೋಗುತ್ತೆ. ಮಾರನೇ ರಾತ್ರಿ ಮತ್ತೆ ಬಂದು ಮತ್ತೆ ಓದುತ್ತೆ. ನನ್ನ ಅಕ್ಷರ ಚೆನ್ನಾಗಿತ್ತು ಅಂತ ವಠಾರದ ಬಾಗಿಲುಗಳಿಗೆಲ್ಲ ನಾನೇ ಬರೆದೆ. ಕೊನೇ ಮನೆಯ ಅಜ್ಜಿಗೆ ಓದೋಕೆ ಬರುತ್ತಿರಲಿಲ್ಲ. ನಾನು ಸೀಮೆಸುಣ್ಣದಲ್ಲಿ ಬರೆಯೋವರೆಗೂ ಪಕ್ಕದಲ್ಲೇ ನಿಂತಿದ್ದರು. "ದೊಡ್ಡದಾಗಿ ಬರಿ ಮಗಾ, ಅದಕ್ಕೆ ಕತ್ತಲಲ್ಲಿ ಕಾಣಬೇಕು" ಅಂದರು. ಹಸಿರು ಬಣ್ಣದ ಬಾಗಿಲು, ಅಲ್ಲಲ್ಲಿ ಬಣ್ಣ ಎದ್ದು ಸೀಮೆಸುಣ್ಣ ತಡೆಯುತ್ತಿತ್ತು. 'ಳೆ' ಅಕ್ಷರವನ್ನ ಎರಡು ಸಲ ತಿದ್ದಿದೆ.

ಈ ಕಥೆಯಲ್ಲಿ ಎಷ್ಟೊಂದು ಇದೆ ನೋಡಿ. ಭಯ ಹೊರಗಿನ ಧ್ವನಿಯದಲ್ಲ, ಅಮ್ಮನ ಧ್ವನಿಯದು. ಅಮ್ಮ ಕರೆದರೂ ಬಾಗಿಲು ತೆಗೆಯೋ ಹಾಗಿಲ್ಲ. ನಿಜವಾಗಿ ಅಮ್ಮನೇ ಹೊರಗೆ ನಿಂತಿದ್ದರೆ? ಹದಿನಾಲ್ಕು ವರ್ಷದ ಓದುಗರಿಗೆ ಈ ಒಂದು ಪ್ರಶ್ನೆ ಸಾಕು, ಇಡೀ ಕಾದಂಬರಿ ಓದುತ್ತಾರೆ. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತೆ, ಬರೆದದ್ದಕ್ಕೆ ಮರ್ಯಾದೆ ಕೊಡುತ್ತೆ. ನಮ್ಮ ಬೀದಿಗಳಲ್ಲಿ ಓಡಾಡಿದ ಇದೇ ಕಥೆಯ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಸಿನಿಮಾ ಬಂತು, ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯೋ ಕಥೆಯಾಗಿ. ಒಳ್ಳೇದೇ. ಆದರೆ ನಮ್ಮ ವಠಾರದ ಬಾಗಿಲಿನ ಕಥೆಯನ್ನ ನಮ್ಮ ಹೈಸ್ಕೂಲ್ ಮಕ್ಕಳಿಗೆ ಕನ್ನಡದಲ್ಲೇ ಯಾರಾದರೂ ಕಾದಂಬರಿಯಾಗಿ ಬರೆಯಲಿ ಅಂತ ನನಗೆ ತುಂಬಾ ಆಸೆ.

ಕಟ್ಟಳೆ ವಿಷಯದಲ್ಲಿ ನಮಗೆ ಹಳೇ ಗುರುವೂ ಒಬ್ಬನಿದ್ದಾನೆ. ಬೇತಾಳ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆಯೋ ರಾಜನ ಚಿತ್ರ 'ಚಂದಮಾಮ' ಓದಿದವರಿಗೆಲ್ಲ ನೆನಪಿದೆ. ಮೌನ ಮುರಿದರೆ ಬೇತಾಳ ಮರಕ್ಕೆ ಹಾರುತ್ತಾನೆ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಅತ್ತ ದರಿ, ಇತ್ತ ಪುಲಿ. 11ನೇ ಶತಮಾನದ 'ಕಥಾಸರಿತ್ಸಾಗರ'ದಲ್ಲೇ ಈ ಕಥೆಗಳಿವೆ. ಆ ಹೆಣ ಹೆದರಿಸೋದಕ್ಕಿಂತ ಜಾಸ್ತಿ ಪ್ರಶ್ನೆ ಕೇಳುತ್ತದೆ. ತಪ್ಪು ಯಾರದು, ನ್ಯಾಯ ಯಾವುದು, ನೀನೇ ಹೇಳು ಅನ್ನುತ್ತದೆ. ನನ್ನ ಶನಿವಾರದ ಮಕ್ಕಳಿಗೆ ಬೇತಾಳನ ಕಥೆ ಓದಿ ಉತ್ತರ ಬರೋ ಮೊದಲೇ ನಿಲ್ಲಿಸಿದರೆ ಮುಂದಿನ ಅರ್ಧ ಗಂಟೆ ಜಗಳವೇ.

ಬಂಗಾಳಿಯವರು ಇದನ್ನ ಚೆನ್ನಾಗಿ ಬೆಳೆಸಿದರು. ಸತ್ಯಜಿತ್ ರಾಯ್ ತಮ್ಮ ತಾತ 1913ರಲ್ಲಿ ಶುರು ಮಾಡಿದ್ದ 'ಸಂದೇಶ್' ಪತ್ರಿಕೆಗೆ 1961ರಲ್ಲಿ ಮತ್ತೆ ಜೀವ ಕೊಟ್ಟರು. ಎಳೆಯರಿಗಾಗಿ ಭೂತದ ಕಥೆಗಳನ್ನೂ ಬರೆದರು. ಅಷ್ಟು ದೊಡ್ಡ ನಿರ್ದೇಶಕರಿಗೆ ಇದು ಸಣ್ಣ ಕೆಲಸ ಅನ್ನಿಸಲಿಲ್ಲ.

ಅಪ್ಪ ಅಮ್ಮಂದಿರು ಕೆಲವರು ನನ್ನನ್ನ ಕೇಳುತ್ತಾರೆ, ಮಕ್ಕಳ ತಲೆಗೆ ಮೂಢನಂಬಿಕೆ ಯಾಕೆ ತುಂಬ್ತೀರಿ ಅಂತ. ಕೇಳಬೇಕಾದ ಪ್ರಶ್ನೆಯೇ. ಇದು ಎಚ್. ನರಸಿಂಹಯ್ಯನವರ ಏರಿಯಾ. ಅವರು ಪ್ರಿನ್ಸಿಪಾಲರಾಗಿದ್ದ ನ್ಯಾಷನಲ್ ಕಾಲೇಜು ಇಲ್ಲಿಂದ ನಡೆದು ಹೋಗೋ ದೂರ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿಯನ್ನೇ ಮಾಡಿದವರು ಅವರು. ಅವರ ಬಗ್ಗೆ ನನಗೆ ತುಂಬಾ ಗೌರವ. ದೆವ್ವ ಇದೆ ಅಂತ ನಾನು ನಂಬಲ್ಲ, ಮಕ್ಕಳಿಗೂ ಹಾಗೇ ಹೇಳುತ್ತೇನೆ. ಕಥೆ ಕಟ್ಟೋಕೆ ಕೂತ ಮಗುವಿಗೆ ದೆವ್ವದ ಒಳಗುಟ್ಟೆಲ್ಲ ಗೊತ್ತಾಗುತ್ತದೆ. ಎಲ್ಲಿ ಸದ್ದು ಮಾಡಬೇಕು, ಎಲ್ಲಿ ಬಚ್ಚಿಡಬೇಕು, ಎಷ್ಟು ಹೊತ್ತು ಕಾಯಿಸಬೇಕು ಅಂತ ತಾನೇ ತೀರ್ಮಾನ ಮಾಡಿದ ಮಗುವನ್ನ ಇನ್ನೊಬ್ಬರು ಹೆದರಿಸೋದು ಕಷ್ಟ.

ನನಗೆ ಕಿರಿಕಿರಿ ಆಗೋದು ಬೇರೆ ಕಡೆ. 'ಬೆಂಗಳೂರಿನ ಹತ್ತು ಭಯಾನಕ ಜಾಗಗಳು' ಅನ್ನೋ ವಿಡಿಯೋಗಳು. ಅವುಗಳಲ್ಲಿ ಕಲ್ಪಳ್ಳಿ ಸ್ಮಶಾನ ಇರುತ್ತೆ, ಕೊಲೆ ನಡೆದ ಹಳೇ ಮನೆ ಇರುತ್ತೆ. ಕಲ್ಪಳ್ಳಿಯಲ್ಲಿ ಜನ ತಮ್ಮವರನ್ನ ಮಣ್ಣು ಮಾಡಿದ್ದಾರೆ. ಕೊಲೆಯಾದವರಿಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದಾರೆ. ರಾತ್ರಿ ಕ್ಯಾಮೆರಾ ಹಿಡಿದು ಅಲ್ಲಿ ಹೋಗಿ ಕಿರುಚೋದನ್ನ ನಾನು ಕಥೆ ಅನ್ನಲ್ಲ. ನಮ್ಮ ರೂಮಿನಲ್ಲಿ ಒಂದೇ ಒಂದು ನಿಷೇಧ ಇದೆ. ಜಾಗ ನಿಜದ್ದಾಗಿರಲಿ, ಸತ್ತವರು ಮಾತ್ರ ನೀವೇ ಕಟ್ಟಿದ ಪಾತ್ರಗಳಾಗಿರಬೇಕು. ಇಲ್ಲದಿದ್ದರೆ ಎಷ್ಟೋ ತಲೆಮಾರಿನ ಹಿಂದಿನ ಐತಿಹ್ಯದವರು.

ಆ ಕೊನೇ ಮಾತಿಗೆ ಕಾರಣ ಲಕ್ಷ್ಮಮ್ಮ. ಕೆಂಪೇಗೌಡರು ಕೋಟೆ ಕಟ್ಟಿಸುವಾಗ ದಕ್ಷಿಣದ ಬಾಗಿಲು ಹಗಲು ನಿಲ್ಲಿಸಿದರೆ ರಾತ್ರಿ ಬಿದ್ದುಹೋಗುತ್ತಿತ್ತಂತೆ. ಬಸುರಿಯ ಬಲಿ ಬೇಕು ಅಂದರಂತೆ. ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳು, ಬಾಗಿಲು ನಿಂತಿತು ಅಂತ ಐತಿಹ್ಯ. ಕೋರಮಂಗಲದಲ್ಲಿ ಅವಳ ಸಮಾಧಿ ಅಂತ ತೋರಿಸುತ್ತಾರೆ. ಇದನ್ನ ಹೇಳಿ ಮುಗಿಸಿದಾಗ ಹುಡುಗರು ಸುಮ್ಮನಿದ್ದರು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಕೋಪದಲ್ಲಿ ಕೇಳಿದಳು: "ಒಬ್ಬಳೇ ಹೋದಳು ಅಂತ ಹೇಳಿದ್ದು ಯಾರು ಆಂಟಿ? ನೋಡಿದೋರು ಯಾರು?"

ಈಗ ಅವಳು ಅದನ್ನೇ ಬರೆಯುತ್ತಿದ್ದಾಳೆ. ಅವಳ ಕಥೆಯಲ್ಲಿ ಆ ಬಾಗಿಲು ರಾತ್ರಿ ಬೀಳೋದಕ್ಕೆ ಕಾರಣ ಬೇರೆ. ಲಕ್ಷ್ಮಮ್ಮನಿಗಿಂತ ಮೊದಲೇ ಅಲ್ಲಿ ಇನ್ಯಾರೋ ಇದ್ದಾಳೆ, ಇವಳನ್ನ "ಬರಬೇಡ, ವಾಪಸ್ ಹೋಗು" ಅಂತ ತಡೆಯೋಕೆ ಕಲ್ಲು ಉರುಳಿಸುತ್ತಿದ್ದಾಳೆ. ಆರು ಪುಟ ಆಗಿದೆ. ಲಕ್ಷ್ಮಮ್ಮ ಮಾತು ಕೇಳಿ ವಾಪಸ್ ಬರಬೇಕಾ, ಇಲ್ಲಾ ಐತಿಹ್ಯದಲ್ಲಿ ಇದ್ದ ಹಾಗೇ ಆಗಬೇಕಾ ಅನ್ನೋದರ ಮೇಲೆ ರೂಮಿನಲ್ಲಿ ಎರಡು ಪಾರ್ಟಿ ಆಗಿದೆ. ವಾಪಸ್ ಬಂದರೆ ಊರಿಗೆ ಕೋಟೆ ಇಲ್ಲ ಅಂತ ಹುಡುಗರ ವಾದ. ನಾನು ವಾಪಸ್ ಬರಲಿ ಅನ್ನೋರ ಕಡೆ.