ಹಿತ್ತಲಿನ ಮರಗೆಲಸಕ್ಕೆ ಎರಡು ಹೆಲ್ಮೆಟ್

ಧಾರವಾಡದ ಹಳೆಯ ಬಡಾವಣೆಗಳಲ್ಲಿ ಹಿತ್ತಲಿಗೊಂದು ಮಾವು, ಕಾಂಪೌಂಡಿನ ಅಂಚಿಗೆ ಒಂದೆರಡು ತೆಂಗು, ಗೇಟಿನ ಬಳಿ ಬೇವು ಅಥವಾ ಗುಲ್‌ಮೊಹರ್ ಇರುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆ ಗಾಳಿಯನ್ನು ಕಟ್ಟಿಕೊಂಡು ಬಂದುಹೋದ ಮರುದಿನ ಬೆಳಿಗ್ಗೆ ಯಾವುದಾದರೊಂದು ಓಣಿಯಲ್ಲಿ ಚೈನ್‌ಸಾ ಸದ್ದು ಕೇಳಿಯೇ ಕೇಳುತ್ತದೆ. ಕೊಡಲಿ ಮತ್ತು ಕೈಗರಗಸದಿಂದ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಈಗ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಯಂತ್ರವಿರುವ ಆಳು ಕರೆದರೆ ಬರುತ್ತಾನೆ. ತೋಟವಿದ್ದವರು ತಾವೇ ಒಂದನ್ನು ಕೊಂಡಿರುತ್ತಾರೆ. ಆದರೆ ಯಂತ್ರದ ಜೊತೆಗೆ ಬರಬೇಕಾದ ಹೆಲ್ಮೆಟ್ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಕೊಯ್ಯುವವನು ತಲೆಗೆ ಟವೆಲ್ ಸುತ್ತಿಕೊಂಡು ಕಣ್ಣನ್ನು ಅರ್ಧ ಮುಚ್ಚಿ ಕೆಲಸ ಮಾಡುತ್ತಿರುತ್ತಾನೆ. ಕೆಳಗೆ ಮನೆಯ ಯಜಮಾನರು ಬರಿದಲೆಯಲ್ಲಿ ನಿಂತು, "ಆ ಟೊಂಗಿ ತಗೀರಿ, ಇದನ್ನ ಬಿಡ್ರಿ" ಎಂದು ಬೆರಳು ತೋರಿಸುತ್ತಿರುತ್ತಾರೆ. ಈ ಬರಹ ಕೊಯ್ಯುವವನಿಗಾಗಿ ಎಷ್ಟೋ, ಬೆರಳು ತೋರಿಸುವ ಯಜಮಾನರಿಗಾಗಿಯೂ ಅಷ್ಟೇ.

ಮರಗೆಲಸಕ್ಕೆಂದೇ ತಯಾರಾಗುವ ಹೆಲ್ಮೆಟ್ ಮೂರು ಭಾಗಗಳ ಒಂದು ಜೋಡಣೆಯಾಗಿರುತ್ತದೆ: ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಎರಡೂ ಬದಿಗೆ ಕಿವಿ ಮುಚ್ಚುವ ಇಯರ್‌ಮಫ್, ಮುಂದೆ ಮೇಲೆತ್ತಿ ಇಳಿಸಬಹುದಾದ ಜಾಲರಿಯ ಪರದೆ. ಈ ಮೂರನ್ನೂ ಬಿಡಿಬಿಡಿಯಾಗಿ ಕೊಳ್ಳಬಹುದಾದರೂ ನಾನು ಜೋಡಣೆಯ ಪಕ್ಷದವನು. ಬಿಡಿಯಾಗಿದ್ದರೆ ಒಂದು ಕಪಾಟಿನಲ್ಲಿ, ಇನ್ನೊಂದು ಕಾರಿನಲ್ಲಿ ಉಳಿದು, ಕೆಲಸದ ಹೊತ್ತಿಗೆ ಯಾವುದೋ ಒಂದು ಮಾತ್ರ ಕೈಗೆ ಸಿಗುತ್ತದೆ. ಒಟ್ಟಿಗಿದ್ದರೆ ತಲೆಗೆ ಏರಿಸಿದ ಕ್ಷಣಕ್ಕೆ ಮೂರೂ ಏರಿದಂತಾಗುತ್ತದೆ.

ಹೆಲ್ಮೆಟ್ ಎಂದೊಡನೆ ಎಲ್ಲರ ಗಮನ ನೆತ್ತಿಯ ಕಡೆಗೆ ಹೋಗುತ್ತದೆ. ಆದರೆ ಟೊಂಗೆ ತಲೆಯ ಮೇಲೆ ಬೀಳುವುದು ಎಂದೋ ಒಮ್ಮೆ. ಕಿವಿಗೆ ಹಾನಿಯಾಗುವುದು ಯಂತ್ರ ಚಾಲೂ ಮಾಡಿದಾಗಲೆಲ್ಲ. ಪೆಟ್ರೋಲ್ ಚೈನ್‌ಸಾ ಹಿಡಿದವನ ಕಿವಿಯ ಬಳಿ ಸದ್ದು ಸಾಮಾನ್ಯವಾಗಿ 100 ಡೆಸಿಬಲ್ ದಾಟಿರುತ್ತದೆ. ಔದ್ಯೋಗಿಕ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದು, ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಮುಂದುವರಿಸಿದರೆ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ, 106ಕ್ಕೆ 4 ನಿಮಿಷಕ್ಕಿಂತ ಕಡಿಮೆ. ಒಂದು ಬಿದ್ದ ಮಾವಿನ ಟೊಂಗೆಯನ್ನು ಒಲೆಗೆ ಆಗುವಂತೆ ತುಂಡು ಮಾಡುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದಿರುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಯಂತ್ರಗಳ ಸದ್ದು ಕಡಿಮೆ ಎಂಬುದು ನಿಜವೇ, ಆದರೆ ಕಿವಿಯನ್ನು ತೆರೆದಿಡುವಷ್ಟು ಕಡಿಮೆಯಲ್ಲ.

ಈ ಹಾನಿ ನೋಯುವುದಿಲ್ಲ, ಆದ್ದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಮಾತು ಕೇಳುತ್ತದೆ, ಆದರೆ ಸಕಾರ, ಶಕಾರಗಳಂಥ ಅಕ್ಷರಗಳು ಅಳಿಸಿದಂತಾಗಿ ಏನೆಂದರೆಂದು ತಿಳಿಯುವುದಿಲ್ಲ. ವಯಸ್ಸಾದಂತೆ ಕಿವಿ ಮಂದವಾಯಿತು ಎಂದು ಮನೆಯವರು ಭಾವಿಸುವ ಹಲವರಿಗೆ ಹಿಟ್ಟಿನ ಗಿರಣಿಯ ಸದ್ದೋ, ಟ್ರ್ಯಾಕ್ಟರಿನ ಸದ್ದೋ ವರ್ಷಗಟ್ಟಲೆ ಬಡಿದಿರುತ್ತದೆ. ಕಿವಿಗೆ ಹತ್ತಿ ತುರುಕಿಕೊಳ್ಳುವ ನಮ್ಮ ಅಭ್ಯಾಸದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಒಳ್ಳೆಯ ಇಯರ್‌ಮಫ್‌ನ ಮೇಲೆ, ಸದ್ದನ್ನು ಎಷ್ಟು ಡೆಸಿಬಲ್ ತಗ್ಗಿಸುತ್ತದೆಂದು ಹೇಳುವ ಎಸ್‌ಎನ್‌ಆರ್ ಎಂಬ ಅಳತೆ 25ರಿಂದ 30ರ ನಡುವೆ ಬರೆದಿರುತ್ತದೆ; ಅದು ಪ್ರಯೋಗಾಲಯದ ಅಂಕಿಯಾದ್ದರಿಂದ ಹಿತ್ತಲಿನಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆಂದು ಹಿಡಿಯಬೇಕು. ಕನ್ನಡಕದ ಕಡ್ಡಿ, ಗಿಡ್ಡ ಗಡ್ಡ, ಕಿವಿಯ ಮೇಲೆ ಹಾದುಹೋಗುವ ರುಮಾಲಿನ ಅಂಚು, ಇವುಗಳಲ್ಲಿ ಯಾವುದು ಮೆತ್ತೆಯ ಕೆಳಗೆ ಸಿಕ್ಕಿದರೂ ಅಲ್ಲಿ ಸಂದಿ ಬಿದ್ದು ಸದ್ದು ಒಳಗೆ ಬರುತ್ತದೆ. ನಡುನಡುವೆ ಮಾತು ಕೇಳಲೆಂದು ಒಂದು ಬದಿಯನ್ನು ಎತ್ತಿಟ್ಟುಕೊಂಡು ಕೊಯ್ಯುವುದಂತೂ ಹಾಕಿಕೊಳ್ಳದಿರುವುದಕ್ಕೆ ಸಮ. ಮಾತನಾಡಬೇಕಾದರೆ ಯಂತ್ರವನ್ನು ನಿಲ್ಲಿಸಬೇಕು. ಇಲ್ಲವಾದರೆ ಮೊದಲೇ ಗೊತ್ತುಮಾಡಿಕೊಂಡ ಕೈಸನ್ನೆಯಿಂದ ತಿಳಿಸಬೇಕು.

ಜಾಲರಿಯ ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜಿನಂಥ ಪ್ಲಾಸ್ಟಿಕ್ ಪರದೆ ಉಸಿರಿಗೆ, ಬೆವರಿಗೆ ಮಂಜಾಗುತ್ತದೆ, ಹೊಟ್ಟು ತಾಗಿ ಗೀರು ಬೀಳುತ್ತದೆ. ಜಾಲರಿಗೆ ಈ ತೊಂದರೆ ಇಲ್ಲ, ಗಾಳಿಯೂ ಆಡುತ್ತದೆ. ಹಾರುವ ಚೆಕ್ಕೆಯನ್ನು, ಪುಟಿದು ಬರುವ ಸಣ್ಣ ರೆಂಬೆಯನ್ನು ಅದು ತಡೆಯುತ್ತದೆ. ಆದರೆ ಕಟ್ಟಿಗೆಯ ನುಣ್ಣನೆಯ ಹೊಟ್ಟು ಅದರೊಳಗಿಂದ ನುಸುಳುತ್ತದೆ, ಮರದ ಹಾಲು ಸಿಡಿದರೆ ಅದೂ ಬರುತ್ತದೆ. ಮಾವಿನ ಸೊನೆ ಚರ್ಮವನ್ನೇ ಸುಡುವಂಥದ್ದು, ಕಣ್ಣಿಗೆ ಬಿದ್ದರೆ ಕೇಳುವುದೇ ಬೇಡ. ಆದಕಾರಣ ಪರದೆಯ ಕೆಳಗೆ ಬದಿಗಳೂ ಮುಚ್ಚಿರುವ ಸುರಕ್ಷತಾ ಕನ್ನಡಕವೊಂದು ಇರಬೇಕು. ಓದುವ ಕನ್ನಡಕ ಆ ಕೆಲಸಕ್ಕೆ ಬಾರದು.

ಇನ್ನು ಚಿಪ್ಪಿನ ಮಾತು. ಅದು ಎಷ್ಟು ಪೆಟ್ಟನ್ನು ತಡೆಯುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ, ಮತ್ತು ಆ ಅಳತೆ ಎಲ್ಲರೂ ಊಹಿಸುವುದಕ್ಕಿಂತ ಚಿಕ್ಕದು. ಯುರೋಪಿನ ಇಎನ್ 397 ಎಂಬ ಮಾನದಂಡದ ಪರೀಕ್ಷೆಯಲ್ಲಿ 5 ಕಿಲೋ ತೂಕದ ಗುಂಡನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ಮೇಲೆ ಬಿಡುತ್ತಾರೆ; ಆ ಪೆಟ್ಟಿನ ಶಕ್ತಿ 49 ಜೂಲ್, ತಲೆಗೆ ದಾಟುವ ಬಲ 5 ಕಿಲೋನ್ಯೂಟನ್ ಮೀರಬಾರದು. ಈಗ ನಮ್ಮ ಹಿತ್ತಲಿಗೆ ಬರೋಣ. ಆರು ಮೀಟರ್ ಮೇಲಿನಿಂದ 2 ಕಿಲೋ ತೂಕದ ಟೊಂಗೆ ಬಿದ್ದರೆ ಅದು ತರುವುದು ಸುಮಾರು 118 ಜೂಲ್. ಸಿಪ್ಪೆ ಸಹಿತ ಒಂದೂವರೆ ಕಿಲೋ ತೂಗುವ ತೆಂಗಿನಕಾಯಿ 12 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 176 ಜೂಲ್, ಅಂದರೆ ಪರೀಕ್ಷೆಯ ಪೆಟ್ಟಿನ ಮೂರೂವರೆ ಪಟ್ಟು. ಹೆಲ್ಮೆಟ್ ಇದ್ದರೆ ಇಂಥ ಪೆಟ್ಟಿನ ಒಂದು ಪಾಲನ್ನಾದರೂ ಅದು ನುಂಗುತ್ತದೆ, ಓರೆಯಾಗಿ ಬಂದದ್ದನ್ನು ಜಾರಿಸುತ್ತದೆ, ಸಣ್ಣ ಒಣರೆಂಬೆಗಳಿಂದ ಪೂರ್ತಿ ಕಾಪಾಡುತ್ತದೆ. ಆದರೆ ಹೆಲ್ಮೆಟ್ ಇದೆಯೆಂದು ಕೊಯ್ಯುತ್ತಿರುವ ಟೊಂಗೆಯ ಕೆಳಗೆ ನಿಲ್ಲುವ ಪರವಾನಗಿ ಅದರಿಂದ ಸಿಗುವುದಿಲ್ಲ. ಗಾಳಿಗೆ ಮುರಿದು ಮೇಲೆಯೇ ಸಿಕ್ಕಿಹಾಕಿಕೊಂಡಿರುವ ಟೊಂಗೆಗಳದು ಇನ್ನೂ ಕೆಟ್ಟ ಬಗೆ. ಬುಡದಲ್ಲಿ ಯಂತ್ರದ ಅದುರಿಕೆ ಶುರುವಾದಾಗ ಅವು ಯಾವ ಮುನ್ಸೂಚನೆಯೂ ಇಲ್ಲದೆ ಇಳಿಯುತ್ತವೆ. ಗುಲ್‌ಮೊಹರ್ ಮತ್ತು ನುಗ್ಗೆಯಂಥ ಮೆತ್ತನೆಯ ಮರಗಳಲ್ಲಿ ಇದು ಹೆಚ್ಚು.

ಹೀಗೆ ಲೆಕ್ಕ ಹಾಕಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಟೊಂಗೆ ಬೀಳುವುದು ಕೆಳಗಿದ್ದವನ ಮೇಲೆ. ಮೇಲಕ್ಕೆ ಹತ್ತಿದವನಿಗಿಂತ ಕೆಳಗೆ ಹಗ್ಗ ಹಿಡಿದು ನಿಂತವನಿಗೆ, ತುಂಡುಗಳನ್ನು ಬದಿಗೆ ಎಳೆದುಹಾಕುವ ಹುಡುಗನಿಗೆ, ಮತ್ತು ಯಜಮಾನರಿಗೆ ನೆತ್ತಿಯ ರಕ್ಷಣೆ ಹೆಚ್ಚು ಬೇಕು. ನಮ್ಮಲ್ಲಿ ಅಪರೂಪಕ್ಕೆ ಎಲ್ಲಾದರೂ ಒಂದು ಹೆಲ್ಮೆಟ್ ಕಂಡರೆ ಅದು ಯಂತ್ರ ಹಿಡಿದವನ ತಲೆಯ ಮೇಲಿರುತ್ತದೆ, ಹಗ್ಗದವನು ಬರಿದಲೆಯಲ್ಲಿರುತ್ತಾನೆ. ಏಣಿ, ಕುಡಗೋಲುಗಳಂತೆ ಹೆಲ್ಮೆಟ್ಟೂ ಮನೆಯ ಸಾಮಾನಾಗಿ ಇರಬೇಕು, ಒಂದಲ್ಲ, ಎರಡು ಇರಬೇಕು, ಕೆಲಸಕ್ಕೆ ಬಂದವರಿಗೆ ಯಜಮಾನರೇ ಅದನ್ನು ಕೈಗೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ದಿನಗೂಲಿಗೆ ಬಂದವನು ತನ್ನದೇ ಹೆಲ್ಮೆಟ್ ತರಲೆಂದು ಕಾಯುವುದು ನ್ಯಾಯವೂ ಅಲ್ಲ. ಮೂರನೆಯವರಾದ ಮಕ್ಕಳು, ನೆರೆಹೊರೆಯವರು ಮರ ಉರುಳಿಸುವಾಗ ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು. ಅವರಿಗೆ ಹೆಲ್ಮೆಟ್ಟಿಗಿಂತ ದೂರವೇ ಒಳ್ಳೆಯದು.

ಹೆಲ್ಮೆಟ್ ಮಾಡಲಾಗದ ಕೆಲಸವೊಂದಿದೆ, ಅದನ್ನು ಮುಚ್ಚಿಡಬಾರದು. ಚೈನ್ ಓಡುವ ಬಾರಿನ ಮೂತಿಯ ಮೇಲ್ಭಾಗ ಯಾವುದಾದರೂ ಕಟ್ಟಿಗೆಗೆ ತಾಗಿದರೆ ಯಂತ್ರ ಒಮ್ಮೆಲೇ ಮೇಲಕ್ಕೆ ಹಾರಿ ಹಿಡಿದವನ ಮುಖ, ಕುತ್ತಿಗೆಗಳ ಕಡೆಗೆ ತಿರುಗುತ್ತದೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಇದು ಕಣ್ಣು ಮಿಟುಕಿಸುವುದರೊಳಗೆ ಆಗಿ ಮುಗಿಯುತ್ತದೆ, ಚೈನಿನ ವೇಗ ಸೆಕೆಂಡಿಗೆ 20 ಮೀಟರಿನ ಆಸುಪಾಸು ಇರುತ್ತದೆ. ಆ ಚೈನನ್ನು ತಡೆಯಲು ಹೆಲ್ಮೆಟ್ಟಿನ ಚಿಪ್ಪಾಗಲಿ ಜಾಲರಿಯಾಗಲಿ ತಯಾರಾಗಿಲ್ಲ. ಅದಕ್ಕಿರುವುದು 1970ರ ದಶಕದಲ್ಲಿ ಬಳಕೆಗೆ ಬಂದ ಚೈನ್ ಬ್ರೇಕ್, ಮುಂದಿನ ಹಿಡಿಕೆಯನ್ನು ಹೆಬ್ಬೆರಳಿನಿಂದ ಸುತ್ತಿ ಹಿಡಿಯುವ ಎಡಗೈ, ಮತ್ತು ತಲೆಯನ್ನು ಚೈನಿನ ನೇರಕ್ಕೆ ತರದ ನಿಲುವು. ಹೆಗಲಿಗಿಂತ ಮೇಲೆ ಎತ್ತಿ ಹಿಡಿದೋ ಏಣಿಯ ಮೇಲೆ ನಿಂತೋ ಚೈನ್‌ಸಾ ಓಡಿಸುವ ಮನೆಯವರಿಗೆ ಯಾವ ಹೆಲ್ಮೆಟ್ಟನ್ನೂ ನಾನು ಶಿಫಾರಸು ಮಾಡಲಾರೆ. ಮೇಲಿನ ಸಣ್ಣ ಟೊಂಗೆಗಳಿಗೆ ಉದ್ದ ಕೋಲಿನ ತುದಿಗೆ ಕಟ್ಟಿದ ಗರಗಸ ಅಥವಾ ದೋಟಿ ಸಾಕು. ಆಗಲೂ ಹೆಲ್ಮೆಟ್ ಮತ್ತು ಕನ್ನಡಕ ಇರಲಿ, ಏಕೆಂದರೆ ಕೊಯ್ದದ್ದೆಲ್ಲ ಮೇಲೆ ನೋಡುತ್ತಿರುವ ಮುಖದ ಕಡೆಗೇ ಬರುತ್ತದೆ.

"ಗಾಡಿ ಹೆಲ್ಮೆಟ್ ಐತಲ್ರೀ, ಮತ್ತ್ಯಾಕ ಇನ್ನೊಂದು?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ದ್ವಿಚಕ್ರದ ಹೆಲ್ಮೆಟ್ ಐಎಸ್ 4151 ಎಂಬ ಭಾರತೀಯ ಮಾನದಂಡದ ಪ್ರಕಾರ ರಸ್ತೆಯ ಪೆಟ್ಟಿಗೆಂದು ಮಾಡಿದ್ದು. ಅದರೊಳಗೆ ಇಯರ್‌ಮಫ್ ಕೂರುವುದಿಲ್ಲ, ಮುಂದಿನ ಪರದೆ ಬೆವರಿಗೆ ಮಂಜಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಅದನ್ನು ಕಿತ್ತೆಸೆಯುವಂತಾಗುತ್ತದೆ. ಮಗನ ಕ್ರಿಕೆಟ್ ಹೆಲ್ಮೆಟ್ ಹಾಕಿಕೊಂಡು ಬೇವಿನ ಟೊಂಗೆ ಕೊಯ್ದವರನ್ನೂ ನೋಡಿದ್ದೇನೆ; ಚೆಂಡನ್ನು ತಡೆಯುವ ಆ ಸರಳುಗಳ ನಡುವೆ ಚೆಕ್ಕೆಗಳು ಸಲೀಸಾಗಿ ದಾಟುತ್ತವೆ. ಕಾರ್ಖಾನೆ ಮತ್ತು ಕಟ್ಟಡ ಕೆಲಸದ ಹೆಲ್ಮೆಟ್ಟಿಗೆ ನಮ್ಮಲ್ಲಿರುವ ಮಾನದಂಡ ಐಎಸ್ 2925. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಐಎಸ್‌ಐ ಗುರುತಿನ ಅಂಥ ಹೆಲ್ಮೆಟ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೂರ್ತಿ ಜೋಡಣೆ ಬೇಕಾದರೆ ಚೈನ್‌ಸಾ ಮಾರುವವರ ಬಳಿಯೇ ಕೇಳಬೇಕು, ಬೆಲೆ ಸಾವಿರಗಳಲ್ಲಿ ಇರುತ್ತದೆ. ಹಣ ಹೊಂದದಿದ್ದರೆ ಸಾದಾ ಹೆಲ್ಮೆಟ್, ಕನ್ನಡಕ, ಕಿವಿಗೆ ಸ್ಪಂಜಿನ ಬಿರಡೆ, ಇಷ್ಟರಿಂದ ಆರಂಭಿಸಬಹುದು. ಬಿರಡೆಯನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಕಿವಿಯ ಬಾಯಿಗಷ್ಟೇ ಅಂಟಿಸಿಟ್ಟರೆ ಹತ್ತಿಗಿಂತ ಹೆಚ್ಚೇನೂ ಅಲ್ಲ.

ಕೆಲಸದವರ ಆಕ್ಷೇಪಣೆಗಳಲ್ಲಿ ಒಂದು ನ್ಯಾಯವಾದದ್ದು. "ಮ್ಯಾಲೆ ನೋಡಾಕ ಆಗಂಗಿಲ್ರೀ, ಇದರ ಚುಂಚು ಅಡ್ಡ ಬರ್ತೈತಿ" ಎಂದು ಒಬ್ಬರು ಹೇಳಿದರು. ಕಟ್ಟಡ ಕೆಲಸದ ಹೆಲ್ಮೆಟ್ಟಿನ ಉದ್ದನೆಯ ಅಂಚು ಬಿಸಿಲು ತಡೆಯಲು ಸರಿ, ಮರದ ಕೆಳಗೆ ನಿಂತು ಮೇಲೆ ನೋಡುವವನಿಗೆ ಅದೇ ಅಡ್ಡಿ. ಮರಗೆಲಸದವುಗಳಲ್ಲಿ ಅಂಚು ಗಿಡ್ಡವಾಗಿರುತ್ತದೆ. ತಯಾರಕರು ಅವಕಾಶ ಕೊಟ್ಟಿರದ ಹೊರತು ಹೆಲ್ಮೆಟ್ಟನ್ನು ಹಿಂದುಮುಂದಾಗಿ ತೊಡುವುದು ತಪ್ಪು. ಗದ್ದದ ಪಟ್ಟಿಯೂ ಇದೇ ಬಗೆಯ ವಿಷಯ: ಇಎನ್ 397ರ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ, ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದೆಂದು. ಮರ ಹತ್ತುವವನಿಗೆ ಬೇಕಾದದ್ದು ಜಾರಿದಾಗಲೂ ತಲೆಯಲ್ಲೇ ಉಳಿಯುವ ಪಟ್ಟಿ, ಅದು ಪರ್ವತಾರೋಹಿಗಳ ಇಎನ್ 12492 ಬಗೆಯಲ್ಲಿರುತ್ತದೆ.

ಟವೆಲ್ ಅಥವಾ ರುಮಾಲಿನ ಮೇಲೆ ಹೆಲ್ಮೆಟ್ ಇಡುವುದು ನಮ್ಮ ಕಡೆಯ ರೂಢಿ. ಚಿಪ್ಪಿಗೂ ತಲೆಗೂ ನಡುವೆ ಬೆಲ್ಟುಗಳ ಜಾಲವೊಂದು ಖಾಲಿ ಜಾಗವನ್ನು ಕಾಯ್ದಿಟ್ಟಿರುತ್ತದೆ. ಪೆಟ್ಟು ಬಿದ್ದಾಗ ಚಿಪ್ಪು ಕೆಳಗಿಳಿಯಲು ಬೇಕಾದ ಜಾಗವೇ ಅದು. ಅಲ್ಲಿ ಬಟ್ಟೆ, ಮೊಬೈಲು, ತಂಬಾಕಿನ ಚೀಟು ತುರುಕಿದರೆ ಪೆಟ್ಟು ನೇರವಾಗಿ ನೆತ್ತಿಗೆ ಬರುತ್ತದೆ. ಬೆವರಿನ ಕಾಟಕ್ಕೆ ಹಣೆಯ ಪಟ್ಟಿಯನ್ನು ತೊಳೆದು ಒಣಗಿಸಬೇಕು, ಕೆಲಸವನ್ನು ಬಿಸಿಲೇರುವ ಮೊದಲು ಮುಗಿಸಬೇಕು.

ಪ್ಲಾಸ್ಟಿಕ್ಕಿಗೆ ಬಿಸಿಲೇ ವೈರಿ. ಚಿಪ್ಪಿನ ಒಳಗೆ ಗಡಿಯಾರದಂಥ ವೃತ್ತವೊಂದರಲ್ಲಿ ಬಾಣದ ಗುರುತು ತಯಾರಾದ ತಿಂಗಳನ್ನು ತೋರಿಸುತ್ತದೆ, ನಡುವೆ ವರ್ಷ ಇರುತ್ತದೆ. ಅಂಗಡಿಯಲ್ಲಿ ದೂಳು ಹಿಡಿದು ಕುಳಿತದ್ದನ್ನು ಕೊಳ್ಳುವ ಮೊದಲು ಇದನ್ನು ನೋಡಬೇಕು. ಎಷ್ಟು ವರ್ಷ ಬಳಸಬಹುದೆಂದು ತಯಾರಕರ ಚೀಟಿಯಲ್ಲಿ ಬರೆದಿರುತ್ತದೆ. ಮೇಲ್ಮೈ ಸುಣ್ಣ ಬಳಿದಂತೆ ಬಿಳಿಚಿದರೆ, ಹೊಳಪು ಹೋದರೆ, ಎರಡೂ ಬದಿಯಿಂದ ಅದುಮಿದಾಗ ಚಿಟಚಿಟ ಎಂದರೆ ಅದನ್ನು ಬಿಡಬೇಕು. ಒಮ್ಮೆ ಜೋರಾದ ಪೆಟ್ಟು ತಿಂದದ್ದನ್ನು ಬಿರುಕು ಕಾಣದಿದ್ದರೂ ಬಿಡಬೇಕು. ಮರದ ಅಂಟು ಹೋಗಲೆಂದು ಪೆಟ್ರೋಲಿನ ಬಟ್ಟೆಯಿಂದ ಒರೆಸುವವರಿದ್ದಾರೆ. ಪೆಟ್ರೋಲ್, ಥಿನ್ನರ್, ಬಣ್ಣ ಇವೆಲ್ಲ ಚಿಪ್ಪನ್ನು ಒಳಗಿಂದ ದುರ್ಬಲಗೊಳಿಸುತ್ತವೆ. ಸೋಪಿನ ನೀರು ಸಾಕು. ಕಿವಿಯ ಮೆತ್ತೆ ಗಟ್ಟಿಯಾದರೆ ಮೆತ್ತೆಯನ್ನಷ್ಟೇ ಬದಲಿಸಬಹುದು.

ಕೆಲಸ ಶುರುಮಾಡುವ ಮೊದಲು ತಲೆಯೆತ್ತಿ ನೋಡಬೇಕಾದವು ಇನ್ನೆರಡು. ಟೊಂಗೆ ವಿದ್ಯುತ್ ತಂತಿಗೆ ತಾಗುವಂತಿದ್ದರೆ ಯಂತ್ರವನ್ನು ಕೆಳಗಿಟ್ಟು ಹೆಸ್ಕಾಂನವರಿಗೆ ತಿಳಿಸಬೇಕು, ತಂತಿಯಲ್ಲಿ ಕರೆಂಟು ನಿಲ್ಲಿಸದೆ ಯಾರೂ ಅಲ್ಲಿ ಕೈಹಾಕಬಾರದು. ಹೆಜ್ಜೇನು ಕಟ್ಟಿದ ಮರವಾದರೆ ಜಾಲರಿಯ ಪರದೆಯನ್ನು ನಂಬಬಾರದು, ಅದರ ಬದಿಗಳೂ ಕೆಳಭಾಗವೂ ತೆರೆದೇ ಇರುತ್ತವೆ ಮತ್ತು ಯಂತ್ರದ ಸದ್ದು, ಅದುರಿಕೆಗಳಿಗೆ ಜೇನು ಬೇಗ ಕೆರಳುತ್ತದೆ. ಜೇನು ಬಿಡಿಸುವವರು ಬಂದುಹೋಗುವ ತನಕ ಆ ಮರದ ಕೆಲಸವನ್ನು ಮುಂದಕ್ಕೆ ಹಾಕಬೇಕಾಗುತ್ತದೆ.