ಯಾನ್ ಹ್ಯಾಮರ್ ಅವರ ಎಡಗೈ

ಸಂಗೀತ ಸಂಘದ ಕೋಣೆ ಎಂದರೆ ನಮ್ಮ ಬ್ಯಾಚಿನ ಬಹಳಷ್ಟು ಜನರ ಕಿವಿಯಲ್ಲಿ ಈಗಲೂ ಏಳುವುದು ಒಂದೇ ದನಿ. ಗಿಟಾರೋ ಕೀಬೋರ್ಡೋ ತಿಳಿಯದಂತೆ ಕೆಳಗಿನಿಂದ ಜಾರಿ ಬಂದು, ಸ್ವರವನ್ನು ಮುಟ್ಟಿ, ಅಲ್ಲೇ ನಿಂತು ಸಣ್ಣಗೆ ನಡುಗುವ ದನಿ. ನುಡಿಸಿದವರು ಕೀಬೋರ್ಡ್ ವಾದಕ ಯಾನ್ ಹ್ಯಾಮರ್. ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆಯಿರಿ ಎಂಬ ಕರೆ ಬಂದಾಗ, ಆ ದನಿಯಿಂದ ಕಲಿತದ್ದನ್ನೇ ಬರೆದರೆ ಈಗ ಅಲ್ಲಿ ಕೀಬೋರ್ಡಿನ ಮುಂದೆ ಕೂರುವವರಿಗೆ ಹೆಚ್ಚು ಉಪಯೋಗವಾದೀತು ಅನ್ನಿಸಿತು.

ಹ್ಯಾಮರ್ ಹುಟ್ಟಿದ್ದು 1948ರಲ್ಲಿ, ಪ್ರಾಗ್ ನಗರದಲ್ಲಿ. ತಾಯಿ ಜಾಝ್ ಗಾಯಕಿ; ತಂದೆ ವೈದ್ಯರು, ಜೊತೆಗೆ ವಾದ್ಯಗಾರರು. 1968ರಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲೆ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಓದಿದರು, ಗಾಯಕಿ ಸಾರಾ ವಾನ್ ಅವರಿಗೆ ಪಕ್ಕವಾದ್ಯ ನುಡಿಸಿದರು. 1971ರಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಝ್–ರಾಕ್ ಕೂಟ ಸೇರಿದರು. ಅವರ ನುಡಿಸಾಣಿಕೆ ಬದಲಾಗುವುದಕ್ಕೆ ಕಾರಣ ಈ ಕೂಟದಲ್ಲೇ ಇದೆ. ಒಂದು ಪಕ್ಕದಲ್ಲಿ ತಂತಿ ಎಳೆಯುವ ಗಿಟಾರು, ಇನ್ನೊಂದು ಪಕ್ಕದಲ್ಲಿ ಜೆರ್ರಿ ಗುಡ್‌ಮನ್ ಅವರ ಪಿಟೀಲು. ಇಬ್ಬರೂ ಎರಡು ಸ್ವರಗಳ ನಡುವಿನ ಜಾಗದಲ್ಲಿ ಓಡಾಡಬಲ್ಲವರು. ಕೀಬೋರ್ಡಿಗೆ ಆ ಜಾಗವೇ ಇಲ್ಲ. ಹನ್ನೆರಡು ಮೆಟ್ಟಿಲು ಬಿಟ್ಟರೆ ಕಾಲಿಡಲು ಎಡೆಯಿಲ್ಲ. ಮೂವರೂ ಸರದಿಯಲ್ಲಿ ಸವಾಲು–ಜವಾಬು ನುಡಿಸುವಾಗ ಈ ಕೊರತೆ ತಕ್ಷಣ ಕಿವಿಗೆ ಬೀಳುತ್ತದೆ. ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತ ವಿದ್ವಾಂಸ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತವರು. ಜಾರು, ಕಂಪನ ಅವರಿಗೆ ಬರೀ ಅಲಂಕಾರವಾಗಿರಲಿಲ್ಲ.

ಹ್ಯಾಮರ್‌ಗೆ ದಾರಿ ತೋರಿಸಿದ್ದು ಮಿನಿಮೂಗ್ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದಲೇ ದನಿ ಹುಟ್ಟಿಸುವ ಕೀಬೋರ್ಡು. ಅದರಲ್ಲಿ 44 ಕೀಗಳು, ದನಿ ಹುಟ್ಟಿಸುವ ಮೂರು ಆಸಿಲೇಟರ್, ಅದನ್ನು ಸೋಸುವ ಒಂದು ಫಿಲ್ಟರ್. ಒಮ್ಮೆಗೆ ಒಂದೇ ಸ್ವರ. ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ. ಪಿಯಾನೋದ ಹಾಗೆ ಬೆರಳಿನ ರಭಸ ಅದಕ್ಕೆ ಗೊತ್ತಾಗುವುದಿಲ್ಲ. ಅಂದರೆ ಪಿಯಾನೋ ಕಲಿತವರ ಬಲಗೈಯಲ್ಲಿದ್ದ ಭಾವವೆಲ್ಲ ಒಂದೇ ಏಟಿಗೆ ಹೊರಟುಹೋಗುತ್ತದೆ. ಉಳಿಯುವುದು ಎಡತುದಿಯ ಎರಡು ಗಾಲಿಗಳು: ಶ್ರುತಿಯನ್ನು ಏರಿಸಿ ಇಳಿಸುವ ಪಿಚ್ ವೀಲ್, ದನಿಗೆ ನಡುಕ ಸೇರಿಸುವ ಮಾಡ್ಯುಲೇಶನ್ ವೀಲ್. ಹ್ಯಾಮರ್ ತಮ್ಮ ಎಡಗೈಯನ್ನು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯುವ ಕೆಲಸದಿಂದ ಬಿಡಿಸಿ ಪಿಚ್ ವೀಲಿಗೆ ಒಪ್ಪಿಸಿದರು. ಬಲಗೈ ಸ್ವರವನ್ನು ಹುಟ್ಟಿಸುತ್ತದೆ, ಎಡಗೈ ಅದನ್ನು ನುಡಿಸುತ್ತದೆ. ಅವರಿಂದ ಕಲಿಯಬೇಕಾದ್ದರಲ್ಲಿ ಮೊದಲನೆಯದು ಇದೇ.

ನಮ್ಮ ಕಡೆಯವರಿಗೆ ಇದನ್ನು ವೀಣೆ ಇಟ್ಟುಕೊಂಡು ಹೇಳಿದರೆ ಬೇಗ ಹತ್ತುತ್ತದೆ. ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಶ್ರುತಿ ಏರುತ್ತದೆ. ಆ ಮೆಟ್ಟಿಲಿನ ಸ್ವರಕ್ಕಿಂತ ಕೆಳಗೆ ಎಳೆಯಲು ಬರುವುದಿಲ್ಲ. ಆದ್ದರಿಂದ ವೈಣಿಕರು ಬೇಕಾದ ಸ್ವರಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಮೀಟಿ, ಎಳೆದು ಮೇಲಿನ ಸ್ವರ ಮುಟ್ಟುತ್ತಾರೆ. ಗಿಟಾರಿನದೂ ಇದೇ ನಿಯಮ. ಪಿಚ್ ವೀಲ್ ಎರಡೂ ಕಡೆ ತಿರುಗುತ್ತದೆ ಎಂದು ಮನಸ್ಸಿಗೆ ಬಂದಂತೆ ತಿರುಗಿಸಿದರೆ ಆಟಿಕೆಯ ಸದ್ದು ಬರುತ್ತದೆ. ತಂತಿಯ ನಿಯಮಕ್ಕೆ ಒಳಪಟ್ಟು ತಿರುಗಿಸಿದರೆ ಮಾತ್ರ ತಂತಿಯ ದನಿ.

ಅಭ್ಯಾಸಕ್ಕೆ ಬೆಂಡ್ ರೇಂಜನ್ನು, ಅಂದರೆ ವೀಲ್ ಶ್ರುತಿಯನ್ನು ಸರಿಸುವ ಮಿತಿಯನ್ನು, ಎರಡು ಸೆಮಿಟೋನಿಗೆ ಇಡಿ (ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ ಒಂದು ಸೆಮಿಟೋನ್). ಆಗ ವೀಲನ್ನು ಪೂರ್ತಿ ತಳ್ಳಿದರೆ ಸರಿಯಾಗಿ ಒಂದು ಟೋನ್ ಏರುತ್ತದೆ. ಕಿವಿ ಇನ್ನೂ ಪಳಗದವರಿಗೆ ವೀಲಿನ ಕೊನೆಯೇ ಆಧಾರ. ಸಿ ಸ್ವರ ಬೇಕಾದರೆ ಬಿ ಫ್ಲ್ಯಾಟ್ ಒತ್ತಿ, ವೀಲನ್ನು ತುದಿಯವರೆಗೆ ತಳ್ಳಿ. ತಾಳ ತಟ್ಟುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ಮೊದಲು ಎರಡು ಎಣಿಕೆಯಲ್ಲಿ ಏರಿಸಿ, ಆಮೇಲೆ ಒಂದರಲ್ಲಿ, ಆಮೇಲೆ ಅರ್ಧದಲ್ಲಿ. ಏರುವ ವೇಗ ತಾಳಕ್ಕೆ ಕೂಡಬೇಕು. ಏರುಪೇರಾದ ಎಳೆತದಷ್ಟು ಕಿವಿಗೆ ಕಿರಿಕಿರಿ ಮಾಡುವುದು ಬೇರೆ ಇಲ್ಲ. ಮುಂದಿನದು ತಿರುಗುಮುರುಗು: ಮೊದಲೇ ವೀಲ್ ತಳ್ಳಿಟ್ಟು ಬಿ ಫ್ಲ್ಯಾಟ್ ಒತ್ತಿ (ಕೇಳುವುದು ಸಿ), ನಂತರ ನಿಧಾನ ಇಳಿಸಿ. ಅರ್ಧ ದಾರಿಯಲ್ಲಿ ನಿಲ್ಲಿಸಿ ಬಿ ಸ್ವರ ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಆಧಾರವಿಲ್ಲ. ಅದಕ್ಕೆ ಬೇರೊಂದು ವಾದ್ಯದಲ್ಲೋ ಫೋನಿನಲ್ಲೋ ಬಿ ಸ್ವರವನ್ನು ಹಿಡಿದಿಟ್ಟು, ಎರಡು ದನಿಗಳ ನಡುವಿನ ಅಲೆ ಅಡಗುವವರೆಗೆ ಸರಿಪಡಿಸಿ.

ಮೂರನೆಯ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಿ ಫ್ಲ್ಯಾಟ್ ಒತ್ತಿ ವೀಲಿನಿಂದ ಸಿ ಮುಟ್ಟಿ. ಈಗ ವೀಲನ್ನು ನಡುವಿಗೆ ತರುವ ಕ್ಷಣದಲ್ಲೇ ಬಲಗೈಯಿಂದ ಸಿ ಕೀ ಒತ್ತಬೇಕು. ಸರಿಯಾಗಿ ಆದರೆ ಸಿ ಸ್ವರ ತುಂಡಾಗದೆ ಮುಂದುವರಿಯುತ್ತದೆ, ಮುಂದಿನ ಓಟಕ್ಕೆ ಎರಡೂ ಕೈ ಸಿದ್ಧ. ನಡುವೆ ಡಿ ಇಣುಕಿದರೆ ಬಲಗೈ ಮುಂದಾಗಿದೆ, ಬಿ ಫ್ಲ್ಯಾಟ್ ಇಣುಕಿದರೆ ಎಡಗೈ ಮುಂದಾಗಿದೆ. ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಕೇಳಿದರೆ ತಪ್ಪು ಯಾವ ಕೈಯದು ಎಂದು ಖಚಿತವಾಗಿ ತಿಳಿಯುತ್ತದೆ.

ಕಂಪನದ ಬಗ್ಗೆ ಒಂದು ಸೂಕ್ಷ್ಮವಿದೆ. ಎಳೆಯದ ಸ್ವರದ ಮೇಲೆ ಗಿಟಾರು ನಡುಗಿದರೆ ನಡುಕ ಸ್ವರದಿಂದ ಮೇಲಕ್ಕೆ ಹೋಗಿ ಬರುತ್ತದೆ. ಎಳೆದು ಹಿಡಿದ ಸ್ವರದ ಮೇಲಾದರೆ ನಡುಕ ಕೆಳಕ್ಕೆ ಹೋಗಿ ಬರುತ್ತದೆ, ಏಕೆಂದರೆ ಬೆರಳು ತಂತಿಯನ್ನು ಸಡಿಲಿಸಿ ಮತ್ತೆ ಎಳೆಯುತ್ತಿರುತ್ತದೆ. ವೀಲಿನಲ್ಲೂ ಹಾಗೆಯೇ ಮಾಡಿ. ಮಾಡ್ಯುಲೇಶನ್ ವೀಲಿನ ನಡುಕ ಯಂತ್ರದ ನಡುಕ: ಎರಡೂ ಕಡೆಗೆ ಸಮ, ವೇಗ ಒಂದೇ. ಕೈಯ ನಡುಕ ತಡವಾಗಿ ಶುರುವಾಗಿ, ನಿಧಾನವಾಗಿ ಹೊರಟು, ಆಮೇಲೆ ಬಿರುಸಾಗುತ್ತದೆ. ಅದನ್ನು ಯಂತ್ರದಿಂದ ಪಡೆಯಲು ಹೋಗಬೇಡಿ.

ಕಲಿಯುವವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ದೋಷ ಕೈಯದಲ್ಲ, ರಿಲೀಸ್ ಸಮಯದ್ದು. ರಿಲೀಸ್ ಉದ್ದವಿದ್ದರೆ ಕೀ ಬಿಟ್ಟ ಮೇಲೂ ದನಿ ಉಳಿದಿರುತ್ತದೆ. ಅಷ್ಟರಲ್ಲಿ ಪಿಚ್ ವೀಲಿನೊಳಗಿನ ಸ್ಪ್ರಿಂಗ್ ಅದನ್ನು ನಡುವಿಗೆ ಎಳೆದು, ಸ್ವರದ ಬಾಲ ಜಾರಿಬೀಳುತ್ತದೆ. ರಿಲೀಸನ್ನು ಸೊನ್ನೆಯ ಹತ್ತಿರ ತನ್ನಿ. ಮಿನಿಮೂಗಿನಲ್ಲಿ ಡಿಕೇ ಸ್ವಿಚ್ ಆಫ್ ಇದ್ದರೆ ಕೀ ಬಿಟ್ಟೊಡನೆ ದನಿ ನಿಲ್ಲುತ್ತದೆ. ಅದರ ಪಿಚ್ ವೀಲಿಗೆ ಸ್ಪ್ರಿಂಗೂ ಇಲ್ಲ. ನಾವೇ ನಡುವಿಗೆ ತರಬೇಕು. ಮೊದಲು ಇದು ತೊಡಕು ಅನ್ನಿಸಿದರೂ, ಎಳೆದ ಸ್ವರವನ್ನು ಬೇಕಾದಷ್ಟು ಹೊತ್ತು ನಿಲ್ಲಿಸಲು ಸ್ಪ್ರಿಂಗ್ ವಿರುದ್ಧ ಹೆಣಗಬೇಕಿಲ್ಲ ಎಂಬುದು ದೊಡ್ಡ ಅನುಕೂಲ.

ಹಳೆಯ ಮಿನಿಮೂಗಿನ ಇನ್ನೊಂದು ಗುಣ ತಿಳಿಯದೆ ಅವರ ಸಾಲುಗಳನ್ನು ಅನುಕರಿಸಿದರೆ ಬೆರಳು ಎಡವುತ್ತದೆ. ಎರಡು ಕೀ ಒಟ್ಟಿಗೆ ಒತ್ತಿದರೆ ಅದು ಕೆಳಗಿನ ಸ್ವರವನ್ನೇ ನುಡಿಯುತ್ತದೆ. ಹಾಗಾಗಿ ಎರಡು ಸ್ವರಗಳ ನಡುವೆ ಬೇಗಬೇಗ ಹಾರಬೇಕಾದರೆ ಮೇಲಿನ ಕೀ ಹಿಡಿದು ಕೆಳಗಿನದನ್ನು ತಟ್ಟಬೇಕು. ಈಗಿನ ಬಹಳಷ್ಟು ಸಿಂಥ್‌ಗಳು ಕೊನೆಗೆ ಒತ್ತಿದ ಸ್ವರಕ್ಕೆ ಮಣಿಯುತ್ತವೆ, ಅಲ್ಲಿ ಎರಡು ಕ್ರಮವೂ ನಡೆಯುತ್ತದೆ. ಎಲ್ಲ ಕೀಗಳಿಂದ ಬೆರಳು ಎತ್ತುವವರೆಗೆ ಮಿನಿಮೂಗಿನ ಎನ್ವಲಪ್ (ಸ್ವರ ಹುಟ್ಟಿ, ನಿಂತು, ಅಡಗುವ ಬಗೆಯನ್ನು ನಿರ್ಧರಿಸುವ ಭಾಗ) ಹೊಸದಾಗಿ ಶುರುವಾಗುವುದೂ ಇಲ್ಲ. ಬೆರಳುಗಳನ್ನು ಕೂಡಿಸಿ ನುಡಿಸಿದರೆ ಮೊದಲ ಸ್ವರಕ್ಕೆ ಮಾತ್ರ ಮೀಟು, ಮುಂದಿನವು ಒಂದೇ ಉಸಿರಿನಲ್ಲಿ. ಬಿಡಿಸಿ ನುಡಿಸಿದರೆ ಪ್ರತಿ ಸ್ವರಕ್ಕೂ ಮೀಟು. ವೀಣೆಯಲ್ಲಿ ಒಂದೇ ಮೀಟಿನಲ್ಲಿ ನಾಲ್ಕು ಸ್ವರ ನುಡಿಸುವುದಕ್ಕೂ ನಾಲ್ಕು ಸಲ ಮೀಟುವುದಕ್ಕೂ ಇರುವ ವ್ಯತ್ಯಾಸವೇ ಇದು. ನಿಮ್ಮ ವಾದ್ಯದಲ್ಲಿ ಮೋನೋ (ಒಮ್ಮೆಗೆ ಒಂದೇ ಸ್ವರ), ಲೆಗಾಟೋ (ಕೂಡಿಸಿ ನುಡಿಸಿದರೆ ಹೊಸ ಮೀಟಿಲ್ಲ) ಎರಡನ್ನೂ ಆನ್ ಮಾಡದಿದ್ದರೆ ಈ ವ್ಯತ್ಯಾಸ ಸಿಗುವುದಿಲ್ಲ. ಎಡಗೈಗೆ ಕಾರ್ಡ್ ಬೇಕೇ ಬೇಕೆಂದರೆ ಅದನ್ನು ಬೇರೆ ಚಾನಲ್‌ಗೆ ಹಾಕಿ. ಇಲ್ಲವಾದರೆ ವೀಲ್ ತಿರುಗಿಸಿದಾಗ ಕಾರ್ಡೂ ಜೊತೆಗೆ ಏರುತ್ತದೆ.

ದನಿ ಕಟ್ಟಲು ಎರಡು ಸಾಟೂತ್ (ಗರಗಸದ ಹಲ್ಲಿನಂಥ ಅಲೆಯ) ಆಸಿಲೇಟರ್ ಸಾಕು, ಒಂದನ್ನು ಐದಾರು ಸೆಂಟ್ ಸರಿಸಿ (ಸೆಮಿಟೋನಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್). ಮೇಲಿನ ಕಂಪನಗಳನ್ನು ತಗ್ಗಿಸುವ 24 ಡೆಸಿಬೆಲ್ ಲೋ ಪಾಸ್ ಫಿಲ್ಟರ್, ಅಟ್ಯಾಕ್ (ದನಿ ಏಳುವ ಸಮಯ) ಸೊನ್ನೆ, ಸಸ್ಟೇನ್ (ಕೀ ಹಿಡಿದಿರುವಾಗ ದನಿ ನಿಲ್ಲುವ ಮಟ್ಟ) ಮುಕ್ಕಾಲು ಭಾಗ, ಗ್ಲೈಡ್ ಆಫ್. ಗ್ಲೈಡ್ ಎಲ್ಲ ಸ್ವರಗಳನ್ನೂ ಒಂದೇ ರೀತಿ ಜಾರಿಸುತ್ತದೆ, ಯಾವ ಸ್ವರ ಜಾರಬೇಕೆಂದು ಆರಿಸುವ ಹಕ್ಕು ಹೊರಟುಹೋಗುತ್ತದೆ. ಕೊನೆಗೆ ಸ್ವಲ್ಪ ಡಿಸ್ಟಾರ್ಶನ್, ಅಂದರೆ ದನಿಯನ್ನು ಒರಟಾಗಿಸುವ ವಿರೂಪ. ಆಸಿಲೇಟರ್‌ಗಳ ಅಂತರ ಹೆಚ್ಚಾದರೆ ಎಳೆದ ಸ್ವರ ಎಲ್ಲಿ ನಿಂತಿತೆಂದೇ ತಿಳಿಯುವುದಿಲ್ಲ. ಡಿಸ್ಟಾರ್ಶನ್ ಹಾಕಿದ ಮೇಲೆ ಎರಡು ಸ್ವರ ಒಟ್ಟಿಗೆ ಬೇಕಾದರೆ ಷಡ್ಜ–ಪಂಚಮವೇ ಸುರಕ್ಷಿತ. ಡಿಸ್ಟಾರ್ಶನ್ ಎರಡು ಕಂಪನಗಳ ವ್ಯತ್ಯಾಸವನ್ನೂ ಕೇಳಿಸುತ್ತದೆ: 220 ಹರ್ಟ್ಸಿನ ಎ ಜೊತೆ 330ರ ಇ ಸೇರಿದರೆ ಹೊಮ್ಮುವುದು 110, ಅದೇ ಎ ಸ್ವರದ ಕೆಳಸ್ಥಾಯಿ. ಇ ಬದಲು ಕೀಬೋರ್ಡಿನ ಸಿ ಶಾರ್ಪ್ (277.18) ಒತ್ತಿದರೆ ಹೊಮ್ಮುವುದು 57.18, ಹತ್ತಿರದ ಎ ಸ್ವರ 55. ಆ ಅಪಸ್ವರವೇ ಕಲಕಿದ ನೀರಿನಂತೆ ಕೇಳುವುದು.

ಬ್ಲೂಸ್ ಮತ್ತು ರಾಕ್ ಗಿಟಾರಿನ ಐದು ಸ್ವರಗಳ ಮೈನರ್ ಸಾಲು ಹ್ಯಾಮರ್ ಅವರ ಸೋಲೋಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಶುದ್ಧ ಧನ್ಯಾಸಿಯ ಸ್ವರಸ್ಥಾನಗಳೇ ಅವು: ಸ ಗ ಮ ಪ ನಿ. ಅವರು ನುಡಿಸುವುದು ಆ ರಾಗವನ್ನಲ್ಲ, ಆದರೂ ಈ ಸಾಲು ಬಾಯಿಪಾಠ ಇದ್ದವರಿಗೆ ಎಳೆಯುವ ಜಾಗಗಳು ತಾವಾಗಿ ಹೊಳೆಯುತ್ತವೆ. ನಿಷಾದದ ಕೀಯಿಂದ ಷಡ್ಜಕ್ಕೆ, ಮಧ್ಯಮದಿಂದ ಪಂಚಮಕ್ಕೆ ಸರಿಯಾಗಿ ಒಂದೊಂದು ಟೋನ್; ವೀಲಿನ ಪೂರ್ತಿ ತಿರುವು. ತಾಳದ ವಿಷಯದಲ್ಲಿ ನಮಗೆ ಮನೆಯಲ್ಲೇ ಸಾಮಗ್ರಿ ಇದೆ. ಒಂಬತ್ತರ ಲೆಕ್ಕಕ್ಕೆ ‘ತಕದಿಮಿ ತಕತಕಿಟ’ ಹೇಳುತ್ತ ನುಡಿಸಿ, ಎಳೆದ ಸ್ವರ ಗುರಿ ಮುಟ್ಟುವುದು ‘ತಕತಕಿಟ’ದ ಮೊದಲಕ್ಷರದ ಮೇಲಿರಲಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ ‘ಜ್ಯೋತಿ’ (1983) ಆಲ್ಬಮ್ ಕೇಳಿದರೆ, ಈ ಲೆಕ್ಕ ಜಾಝ್ ಉಸಿರಿನೊಳಗೆ ಹೇಗೆ ಕೂರುತ್ತದೆಂದು ಅರಿವಾಗುತ್ತದೆ.

ಕೇಳಿ ಕಲಿಯಲು ನನ್ನ ಆಯ್ಕೆ ಗಿಟಾರ್ ವಾದಕ ಜೆಫ್ ಬೆಕ್ ಅವರ 1976ರ ‘ವೈರ್ಡ್’ ಆಲ್ಬಮ್ಮಿನ ‘ಬ್ಲೂ ವಿಂಡ್’. ಅದನ್ನು ರಚಿಸಿದವರು ಹ್ಯಾಮರ್. ಡ್ರಮ್ಸ್ ನುಡಿಸಿದವರೂ ಅವರೇ. ಬೆಕ್ ಅವರ ಗಿಟಾರು, ಹ್ಯಾಮರ್ ಅವರ ಮೂಗ್ ಸಿಂಥಸೈಸರ್ ಎರಡೂ ಸರದಿಯಲ್ಲಿ ಬರುತ್ತವೆ. ಯಾವುದು ಯಾರದೆಂದು ಕಾಗದದ ಮೇಲೆ ಬರೆಯುತ್ತ ಹೋಗಿ. ಸ್ವರ ಹುಟ್ಟುವಾಗ ತಂತಿಗೆ ಪಿಕ್ ತಾಗಿದ ಸಣ್ಣ ಸದ್ದು ಇದ್ದರೆ ಗಿಟಾರು. ಹಿಡಿದ ಸ್ವರ ಕೊನೆಯವರೆಗೆ ಸೊರಗದೆ ನಿಂತರೆ ಮೂಗ್ ಇರಬಹುದು. ಎರಡನೆಯ ಸಲ ಕೇಳುವಾಗ ಮೂಗಿನ ಎಳೆದ ಸ್ವರಗಳಿಗೆ ಮಾತ್ರ ಗುರುತು ಹಾಕಿ: ಎಷ್ಟು ಏರಿತು, ಎಷ್ಟು ಹೊತ್ತಿನಲ್ಲಿ ಏರಿತು, ನಡುಕ ಮೇಲಕ್ಕೋ ಕೆಳಕ್ಕೋ. ಮೂರನೆಯ ಸಲ ಅವನ್ನೇ ಬಾಯಲ್ಲಿ ಹಾಡಿ, ಆಮೇಲೆ ವೀಲ್ ಮುಟ್ಟಿ.